24,000 ಆರ್‌ಪಿಎಂ ಸ್ಪಿಂಡಲ್‌ಗೆ ಹೊಸ ಕೋರ್: ಯಾವ ತಗಡು, ಎಷ್ಟು ದಪ್ಪ

ದೇವರಮನೆ ಬಾಗಿಲು, ಮಂಚದ ತಲೆಹಲಗೆ, ಜಾಲಿ ಕೆತ್ತುವ ಸಿಎನ್‌ಸಿ ರೌಟರ್‌ಗಳು ಬಳ್ಳಾರಿಯಲ್ಲಿ ಈಗ ಸಾಕಷ್ಟಿವೆ. ಅವುಗಳಲ್ಲಿ ಕೂತಿರುವ ಸ್ಪಿಂಡಲ್, ಅಂದರೆ ಕೆತ್ತುವ ಬಿಟ್ ತಿರುಗಿಸುವ ಮೋಟರ್, ಹೆಚ್ಚುಕಮ್ಮಿ ಒಂದೇ ಥರದ್ದು: 80 ಮಿ.ಮೀ. ದಪ್ಪದ ಬಾಡಿ, ಸುತ್ತ ನೀರು ಹರಿಯುವ ದಾರಿ, 2.2 ಕಿಲೋವ್ಯಾಟ್, 220 ವೋಲ್ಟ್, 400 ಹರ್ಟ್ಸ್, ನಿಮಿಷಕ್ಕೆ 24,000 ಸುತ್ತು. ಮುಂಡರಗಿ ಕಡೆಯ ನಮ್ಮ ವರ್ಕ್‌ಶಾಪ್‌ಗೆ ಇಂಥ ಸ್ಪಿಂಡಲ್‌ಗಳು ರಿವೈಂಡಿಂಗ್‌ಗೆ ಬರುತ್ತಲೇ ಇರುತ್ತವೆ. ಈ ಸಲ ಬಂದದ್ದು ಮಾತ್ರ ಬೇರೆ ಕೇಸು.

"ಎರಡು ಸಲ ವೈಂಡಿಂಗ್ ಮಾಡ್ಸೀನಿ ಅಣ್ಣ, ಮತ್ತೆ ಸುಟ್ಟೈತೆ. ತಂತಿ ಸರಿ ಇಲ್ಲೇನೋ ನೋಡು" ಅಂತ ತಂದವರು ಕೊಟ್ಟು ಹೋದರು. ತಂತಿ ಸರಿಯಾಗೇ ಇತ್ತು. ಕೆಟ್ಟಿದ್ದು ಕೋರ್, ಅಂದರೆ ತಂತಿ ಕೂರುವ, ತೆಳು ಉಕ್ಕಿನ ತಗಡುಗಳನ್ನು ಜೋಡಿಸಿ ಮಾಡಿದ ಕಟ್ಟು.

ಹೊಸ ಸ್ಪಿಂಡಲ್ ಕೊಂಡರೂ ಆಗುತ್ತಿತ್ತು, ನಿಜ. ಆದರೆ ಶಾಫ್ಟ್, ಬಾಡಿ, ಮುಂದಿನ ಕೋಲೆಟ್ ಹಿಡಿಯುವ ಭಾಗ ಎಲ್ಲಾ ಗಟ್ಟಿಯಾಗಿದ್ದವು. ಅದಕ್ಕಿಂತ ಹೆಚ್ಚಾಗಿ, ಕೋರ್ ಬಗ್ಗೆ ನಮ್ಮ ಕೆಲಸದಲ್ಲಿ ಯಾರೂ ಮಾತಾಡುವುದಿಲ್ಲ. ಗೇಜ್ ಎಷ್ಟು, ಸುತ್ತು ಎಷ್ಟು, ವಾರ್ನಿಷ್ ಯಾವುದು, ಇಷ್ಟಕ್ಕೇ ಮಾತು ಮುಗಿಯುತ್ತದೆ. ವೇಗದ ಮೋಟರ್‌ನಲ್ಲಿ ಅರ್ಧ ಆಟ ಕಬ್ಬಿಣದ್ದು. ಅದನ್ನು ಒಂದು ಸಲ ಅಳೆದು, ಆರಿಸಿ, ಕಟ್ಟಿ ನೋಡಲೇಬೇಕು ಅನ್ನಿಸಿತು.

ಹಳೆಯ ಕೋರ್‌ಗೆ ಏನಾಗಿತ್ತು

ಹಿಂಬದಿ ಬೇರಿಂಗ್ ಹಿಂದೊಮ್ಮೆ ಪುಡಿಯಾಗಿ ತಿರುಗುವ ರೋಟರ್ ಹೋಗಿ ಸುತ್ತಲಿನ ನಿಂತ ಭಾಗ ಸ್ಟೇಟರ್‌ಗೆ ಉಜ್ಜಿದೆ. ಬೋರ್ (ರೋಟರ್ ಕೂರುವ ನಡುವಿನ ತೂತು) ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಕಡೆ ಹೆಬ್ಬೆರಳಷ್ಟು ಅಗಲದ ಪಟ್ಟಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅಲ್ಲಿ ತಗಡುಗಳ ಸಾಲು ಕಾಣುವುದೇ ಇಲ್ಲ. ಒಂದರ ಅಂಚು ಇನ್ನೊಂದರ ಮೇಲೆ ಹರಡಿ ಅಂಟಿಕೊಂಡಿದೆ. ಇದರ ಮೇಲೆ, ಹಿಂದೆ ಕೆಲಸ ಮಾಡಿದವರು ಹಳೆಯ ವೈಂಡಿಂಗ್ ತೆಗೆಯಲು ಗ್ಯಾಸ್ ಟಾರ್ಚ್ ಹಿಡಿದಿದ್ದಾರೆ. ಒಂದು ತುದಿಯಲ್ಲಿ, ತಂತಿ ಕೂರುವ ಸ್ಲಾಟ್‌ಗಳ ನಡುವಿನ ಹಲ್ಲುಗಳು ನೀಲಿ ಬಣ್ಣಕ್ಕೆ ತಿರುಗಿದ್ದವು. ತಗಡಿನ ಮೇಲಿನ ಇನ್ಸುಲೇಷನ್ ಲೇಪ ಆ ಬಿಸಿಗೆ ಉಳಿಯುವುದಿಲ್ಲ. ಸುಡುವುದೇ ಆದರೆ ಥರ್ಮೋಸ್ಟಾಟ್ ಇರುವ ಒಲೆಯಲ್ಲಿ, 360 ಡಿಗ್ರಿ ದಾಟದ ಹಾಗೆ ಸುಡಬೇಕು. ಕೈಯಲ್ಲಿ ಟಾರ್ಚ್ ಹಿಡಿದರೆ ಎಲ್ಲಿ ಎಷ್ಟು ಬಿಸಿ ಅಂತ ಗೊತ್ತೇ ಆಗಲ್ಲ.

ತಗಡುಗಳು ಅಂಚಿನಲ್ಲಿ ಅಂಟಿಕೊಂಡರೆ ಏನು ನಷ್ಟ? ಇದು ಸ್ವಲ್ಪ ನಿಧಾನಕ್ಕೆ ನೋಡಬೇಕಾದ ವಿಷಯ. ಬದಲಾಗುತ್ತಿರುವ ಫ್ಲಕ್ಸ್ (ಕಾಂತೀಯ ಹರಿವು) ಸುತ್ತ ಕಬ್ಬಿಣದಲ್ಲಿ ಕರೆಂಟ್ ಸುತ್ತಲು ನೋಡುತ್ತದೆ. ತಗಡು ಬೇರೆ ಬೇರೆ ಇದ್ದರೆ ಆ ಸುತ್ತು ಒಂದು ತಗಡಿನ ದಪ್ಪದೊಳಗೇ ಮುಗಿಯಬೇಕು. ಒಂದು ಅಂಚಿನಲ್ಲಷ್ಟೇ ತಗಡುಗಳು ಕೂಡಿಕೊಂಡರೆ ದೊಡ್ಡ ಸುತ್ತು ಪೂರ್ತಿ ಆಗಲ್ಲ, ಇನ್ನೊಂದು ಕಡೆಯೂ ದಾರಿ ಬೇಕು. ಈ ಸ್ಟೇಟರ್‌ನಲ್ಲಿ ಆ ದಾರಿ ರೆಡಿ ಇತ್ತು: ಒಳಗೆ ಉಜ್ಜಿದ ಪಟ್ಟಿ, ಹೊರಗೆ ತಗಡುಗಳನ್ನು ಬಿಗಿಯಾಗಿ ಹಿಡಿದ ಅಲ್ಯೂಮಿನಿಯಂ ಬಾಡಿ. ಎರಡೂ ಸೇರಿ ಸರ್ಕ್ಯೂಟ್ ಪೂರ್ತಿ. ಹೊಸ ವೈಂಡಿಂಗ್ ಎಷ್ಟು ಒಳ್ಳೆಯದು ಹಾಕಿದರೂ ಅದರ ಪಕ್ಕದಲ್ಲೇ ಒಂದು ಹೀಟರ್ ಕೂತ ಹಾಗಾಯಿತು.

ಊಹೆ ಸಾಲದು ಅಂತ ಖಾಲಿ ಕೋರ್‌ಗೆ ಲೂಪ್ ಟೆಸ್ಟ್ ಮಾಡಿದೆ. ಬೋರ್ ಮೂಲಕ ದಪ್ಪ ವೈರ್ 12 ಸುತ್ತು ಹಾಯಿಸಿ, ಮೈಕ್‌ಸೆಟ್ಟಿನ ಆಂಪ್ಲಿಫೈಯರ್‌ನಿಂದ 400 ಹರ್ಟ್ಸ್ ಕೊಟ್ಟೆ. ಸಿಗ್ನಲ್‌ಗೆ ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್ ಸಾಕು. ಈ ಕೋರ್‌ನ ಬ್ಯಾಕ್ ಐರನ್ (ಹಲ್ಲುಗಳ ಹಿಂದಿನ ಉಂಗುರ) ಅಡ್ಡಳತೆಗೆ 1 ಟೆಸ್ಲಾ (ಫ್ಲಕ್ಸ್ ದಟ್ಟಣೆಯ ಅಳತೆ) ಬರಬೇಕಾದರೆ ಸುತ್ತಿಗೆ ಸುಮಾರು 1.35 ವೋಲ್ಟ್ ಬೇಕು, ಅಂದರೆ 12 ಸುತ್ತಿಗೆ 16 ವೋಲ್ಟ್. ಕೆಲವೇ ನಿಮಿಷದಲ್ಲಿ ಮುಟ್ಟದೆ ಬಿಸಿ ಅಳೆಯುವ ಥರ್ಮಲ್ ಗನ್ ಕಥೆ ಹೇಳಿತು. ಉಜ್ಜಿದ ಪಟ್ಟಿಯ ಹಿಂದಿನ ಭಾಗ 90 ಡಿಗ್ರಿ ದಾಟಿದ್ದಾಗ ಎದುರು ಬದಿ ಇನ್ನೂ 50ರ ಆಸುಪಾಸಿನಲ್ಲೇ ಇತ್ತು. ಈ ಕೋರ್ ಮೇಲೆ ಇನ್ನೊಂದು ವೈಂಡಿಂಗ್ ಹಾಕುವುದು ಸುಮ್ನೆ ತಾಮ್ರ ಹಾಳು.

50 ಹರ್ಟ್ಸ್‌ನ ಲೆಕ್ಕ ಇಲ್ಲಿ ನಡೆಯಲ್ಲ

ಹೊಸ ಕೋರ್ ಅಂದ ತಕ್ಷಣ ಎಲ್ಲರೂ ಕೊಡುವ ಸಲಹೆ "ಒಳ್ಳೆ ಸ್ಟ್ಯಾಂಪಿಂಗ್ ಹಾಕಿ" ಅಂತ. ಸ್ಟ್ಯಾಂಪಿಂಗ್ ಅಂದರೆ ಒತ್ತಿ ಕತ್ತರಿಸಿದ ಕೋರ್ ತಗಡು. ಒಳ್ಳೆಯದು ಅಂದರೆ ಯಾವುದು? ತಗಡಿನ ಹೆಸರಲ್ಲೇ ಉತ್ತರ ಇದೆ, ಓದಲು ಬರಬೇಕು. ಎಂ400-50ಎ ಅಂದರೆ 50 ಹರ್ಟ್ಸ್, 1.5 ಟೆಸ್ಲಾದಲ್ಲಿ ಕೆಜಿಗೆ ಹೆಚ್ಚೆಂದರೆ 4.00 ವ್ಯಾಟ್ ನಷ್ಟ, ದಪ್ಪ 0.50 ಮಿ.ಮೀ. ಎಂ235-35ಎ ಅಂದರೆ 2.35 ವ್ಯಾಟ್, 0.35 ಮಿ.ಮೀ. ಕೊನೆಯ ಎ ಅಂದರೆ ಎಲ್ಲಾ ದಿಕ್ಕಿಗೂ ಸುಮಾರು ಒಂದೇ ಗುಣ ಇರುವ ತಗಡು. ಪಂಪ್‌ಸೆಟ್ ಮೋಟರ್‌ಗೆ ಈ ನಂಬರ್ ನೋಡಿ ಕೊಂಡರೆ ಸಾಕು. ನಮ್ಮ ಸ್ಪಿಂಡಲ್ ಎರಡು ಪೋಲಿನದು (ಎರಡು ಕಾಂತಧ್ರುವ), 24,000 ಸುತ್ತಿಗೆ 400 ಹರ್ಟ್ಸ್ ಬೇಕು. ಎಂಟು ಪಟ್ಟು ಜಾಸ್ತಿ ಫ್ರೀಕ್ವೆನ್ಸಿಯಲ್ಲಿ ಆ ನಂಬರ್ ಏನನ್ನೂ ಹೇಳುವುದಿಲ್ಲ.

ಯಾಕೆ ಅಂದರೆ ಕೋರ್ ನಷ್ಟದಲ್ಲಿ ಎರಡು ಮುಖ್ಯ ಭಾಗ. ಒಂದು ಹಿಸ್ಟೆರಿಸಿಸ್. ಎಂಜಿನಿಯರ್ ಸ್ಟೈನ್‌ಮೆಟ್ಜ್ 1892ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದ. ಕಬ್ಬಿಣವನ್ನು ಒಂದು ಸಲ ಆಚೆ ಈಚೆ ತಿರುಗಿಸಿದರೆ ಇಷ್ಟು ನಷ್ಟ ಅಂತ ಇರುವುದರಿಂದ ಫ್ರೀಕ್ವೆನ್ಸಿ ಎಂಟು ಪಟ್ಟಾದರೆ ಇದೂ ಎಂಟೇ ಪಟ್ಟು. ಇನ್ನೊಂದು ಎಡ್ಡಿ ಕರೆಂಟ್, ಆಗಲೇ ಹೇಳಿದ ಕಬ್ಬಿಣದೊಳಗೆ ಸುತ್ತುವ ಕರೆಂಟ್. ಇದು ಫ್ರೀಕ್ವೆನ್ಸಿಯ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ 64 ಪಟ್ಟು. ತಗಡಿನ ದಪ್ಪದ ವರ್ಗದ ಲೆಕ್ಕದಲ್ಲೂ ಏರುತ್ತದೆ. ದಪ್ಪ ಅರ್ಧ ಮಾಡಿದರೆ ಎಡ್ಡಿ ನಷ್ಟ ಕಾಲು ಭಾಗಕ್ಕೆ ಇಳಿಯಿತು.

ಪುಸ್ತಕದ ಸೂತ್ರ ಹಾಕಿ ಲೆಕ್ಕ ಮಾಡಿದೆ. ಸುಮಾರು 3 ಪರ್ಸೆಂಟ್ ಸಿಲಿಕಾನ್ ಇರುವ ಉಕ್ಕು, 1 ಟೆಸ್ಲಾ. 0.50 ತಗಡಿನಲ್ಲಿ ಎಡ್ಡಿ ನಷ್ಟ 50 ಹರ್ಟ್ಸ್‌ಗೆ ಕೆಜಿಗೆ ಬರೀ 0.28 ವ್ಯಾಟ್. ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದೇ ತಗಡು 400 ಹರ್ಟ್ಸ್‌ಗೆ ಬಂದರೆ 18 ವ್ಯಾಟ್! 0.35ಕ್ಕೆ 8.8, 0.20ಕ್ಕೆ 2.9. ಹಿಸ್ಟೆರಿಸಿಸ್ ಮತ್ತು ಇತರೆ ನಷ್ಟ ಇದರ ಮೇಲೆ. ಈ ಮೂರು ನಂಬರ್ ಕಾಗದದ ಮೇಲೆ ಅಕ್ಕಪಕ್ಕ ಬರೆದು ನೋಡಿದಾಗಲೇ ಮುಂದಿನ ದಾರಿ ಅರ್ಧ ಸ್ಪಷ್ಟವಾಯಿತು. ಮೊದಲು ನೋಡಬೇಕಾದದ್ದು ದಪ್ಪ, ಗ್ರೇಡ್ ಆಮೇಲೆ.

ಸಿಲಿಕಾನ್ ಯಾಕೆ ಬೆರೆಸುತ್ತಾರೆ ಅನ್ನುವುದೂ ಇಲ್ಲೇ ಬರುತ್ತದೆ. ಶುದ್ಧ ಕಬ್ಬಿಣದ ರೆಸಿಸ್ಟಿವಿಟಿ (ಕರೆಂಟ್ ತಡೆಯುವ ಗುಣ) ಸುಮಾರು 10 ಮೈಕ್ರೋ ಓಂ ಸೆಂಟಿಮೀಟರ್. 3 ಪರ್ಸೆಂಟ್ ಸಿಲಿಕಾನ್ ಸೇರಿದರೆ 48ರ ಹತ್ತಿರ. ಎಡ್ಡಿ ಕರೆಂಟ್ ಅಷ್ಟಕ್ಕಷ್ಟೇ ಕುಗ್ಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತು ಜೊತೆಯವರು 1900ರ ಸುಮಾರಿಗೆ ತೋರಿಸಿಕೊಟ್ಟ ವಿಷಯ ಇದು. ಇವತ್ತಿಗೂ ಪ್ರಪಂಚದ ಹೆಚ್ಚಿನ ಮೋಟರ್‌ಗಳು ಇದರ ಮೇಲೇ ಓಡುತ್ತಿವೆ. ಸಂಡೂರಿನ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುತ್ತದೆ, ಅಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸ್ಟೀಲೂ ತಯಾರಾಗುತ್ತದೆ. ನಮ್ಮ ಮನೆ ಬಾಗಿಲಲ್ಲೇ ಇರುವ ಸಾಮಾನು ಇದು. ಅದರ ಬಗ್ಗೆ ನಮಗೇ ಗೊತ್ತಿರಬೇಕು ಅಲ್ವಾ?

ಕೈಬಿಟ್ಟವು

ಬೇರೆ ಸಾಮಗ್ರಿಗಳನ್ನೂ ಒಂದೊಂದಾಗಿ ನೋಡಿದೆ. ಮೊದಲ ಸಲಹೆ ಬಂದದ್ದು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಗೆಳೆಯರಿಂದ: "ಸಿಆರ್‌ಜಿಒ ತಗಡು ಬಿದ್ದೈತೆ, 0.27 ದಪ್ಪ, ಲಾಸ್ ಭಾಳ ಕಮ್ಮಿ, ಅದನ್ನೇ ಹಾಕು." ಸಿಆರ್‌ಜಿಒ ಅಂದರೆ ಒಂದೇ ದಿಕ್ಕಿಗೆ ಗುಣ ಹೊಂದಿಸಿದ ಟ್ರಾನ್ಸ್‌ಫಾರ್ಮರ್ ತಗಡು. ಲಾಸ್ ಕಮ್ಮಿ ಅನ್ನುವುದು ನಿಜ, ಆದರೆ ತಗಡು ಉರುಳಿ ಬಂದ ದಿಕ್ಕಿಗೆ ಮಾತ್ರ. ಟ್ರಾನ್ಸ್‌ಫಾರ್ಮರ್‌ನಲ್ಲಿ ಫ್ಲಕ್ಸ್ ಆ ದಿಕ್ಕಿಗೇ ಹೋಗುವ ಹಾಗೆ ಕತ್ತರಿಸಿ ಜೋಡಿಸುತ್ತಾರೆ. ಸ್ಟೇಟರ್‌ನಲ್ಲಿ ಫ್ಲಕ್ಸ್ ಗುಂಡಗೆ ತಿರುಗುತ್ತದೆ. ಎಲ್ಲಾ ದಿಕ್ಕಿಗೂ ಹೋಗಲೇಬೇಕು. ಅಡ್ಡ ದಿಕ್ಕಿನಲ್ಲಿ ಸಿಆರ್‌ಜಿಒ ಸಾಧಾರಣ ಮೋಟರ್ ತಗಡಿಗಿಂತಲೂ ಕೆಟ್ಟದಾಗಿ ವರ್ತಿಸುತ್ತದೆ. ಗುಜರಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಸುತ್ತುವ ಯಂತ್ರಕ್ಕೆ ಅದು ಬೇಡ.

ಫೆರೈಟ್ (ಕಾಂತ ಗುಣದ ಸೆರಾಮಿಕ್) ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಎಡ್ಡಿ ನಷ್ಟ ಇಲ್ಲವೇ ಇಲ್ಲ ಅನ್ನಬಹುದು, ಆದರೆ ಬಿಸಿಯಾದಾಗ 0.4 ಟೆಸ್ಲಾಕ್ಕೇ ತುಂಬಿಹೋಗುತ್ತದೆ. ಸಿಲಿಕಾನ್ ಉಕ್ಕು 2 ಟೆಸ್ಲಾ ತನಕ ಹೋಗುತ್ತದೆ. ಇದೇ 80 ಮಿ.ಮೀ. ಬಾಡಿಯೊಳಗೆ ಇದೇ ಪವರ್ ಬೇಕಾದರೆ ಫೆರೈಟ್‌ಗೆ ಜಾಗವೇ ಸಾಲದು. ಕಬ್ಬಿಣದ ಪುಡಿಗೆ ಲೇಪ ಕೊಟ್ಟು ಒತ್ತಿ ಮಾಡುವ ಕೋರ್ ಇನ್ನೊಂದು. ಫ್ಲಕ್ಸ್ ಮೂರೂ ದಿಕ್ಕಿಗೆ ಹೋಗುವ ವಿಚಿತ್ರ ಆಕಾರದ ಮೋಟರ್‌ಗೆ ಅದು ಚೆನ್ನ. ನಮ್ಮದು ನೇರ ಸಿಲಿಂಡರ್. ಪುಡಿ ಕೋರ್‌ನ ಪರ್ಮಿಯಬಿಲಿಟಿ (ಫ್ಲಕ್ಸ್ ಹರಿಯಲು ಬಿಡುವ ಗುಣ) ಬರೀ ಕೆಲವು ನೂರು, 400 ಹರ್ಟ್ಸ್‌ನಲ್ಲಿ ಅದರ ಹಿಸ್ಟೆರಿಸಿಸ್ ನಷ್ಟವೇ ಜಾಸ್ತಿ. ಇಂಡಕ್ಷನ್ ಮೋಟರ್‌ಗೆ ಮ್ಯಾಗ್ನೆಟೈಸಿಂಗ್ ಕರೆಂಟ್ ಏರಿಸಿ ಕೂರಿಸುತ್ತದೆ.

ಕೋಬಾಲ್ಟ್ ಕಬ್ಬಿಣ ಆಸೆ ಹುಟ್ಟಿಸುವ ಸಾಮಾನು. ಅರ್ಧ ಕೋಬಾಲ್ಟ್, ಅರ್ಧ ಕಬ್ಬಿಣ, ಸುಮಾರು 2 ಪರ್ಸೆಂಟ್ ವನೇಡಿಯಂ. 2.35 ಟೆಸ್ಲಾ ತನಕ ಫ್ಲಕ್ಸ್ ಹಿಡಿಯುತ್ತದೆ. ವಿಮಾನದ ಜನರೇಟರ್‌ಗಳಲ್ಲಿ ಗ್ರಾಂ ಲೆಕ್ಕದಲ್ಲಿ ತೂಕ ಉಳಿಸಬೇಕಾದ ಕಡೆ ಹಾಕುತ್ತಾರೆ. ಅಂದ ಹಾಗೆ, ತೆಳು ತಗಡಿನ ಡೇಟಾಶೀಟ್‌ನಲ್ಲಿ 400 ಹರ್ಟ್ಸ್‌ನ ನಂಬರ್ ಸಿಗುವುದಕ್ಕೆ ವಿಮಾನಗಳ ವಿದ್ಯುತ್ 400 ಹರ್ಟ್ಸ್ ಆಗಿರುವುದೂ ಒಂದು ಕಾರಣ, ನಮಗದು ಅನುಕೂಲವೇ ಆಯಿತು. ಆದರೆ ನಮ್ಮ ಸ್ಪಿಂಡಲ್‌ನ ಹಲ್ಲಿನಲ್ಲಿ ಫ್ಲಕ್ಸ್ 1.1 ಟೆಸ್ಲಾ, ಬ್ಯಾಕ್ ಐರನ್‌ನಲ್ಲಿ 1.05. ಉಕ್ಕಿನ ಶಕ್ತಿಯೇ ಅರ್ಧ ಉಳಿದಿರುವಾಗ ಕೋಬಾಲ್ಟ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಅಮಾರ್ಫಸ್ ರಿಬ್ಬನ್ (ಹರಳಿನ ರಚನೆ ಇಲ್ಲದ ಲೋಹದ ತೆಳು ಪಟ್ಟಿ) ಬಗ್ಗೆ ಮಾತ್ರ ನಿಜವಾಗಿ ಮನಸ್ಸು ಎಳೆಯಿತು. 25 ಮೈಕ್ರಾನ್ ದಪ್ಪ, ರೆಸಿಸ್ಟಿವಿಟಿ 130, 400 ಹರ್ಟ್ಸ್‌ನಲ್ಲಿ ನಷ್ಟ ಉಕ್ಕಿನ ಎದುರು ತೀರಾ ಚಿಕ್ಕದು. ಸ್ಯಾಚುರೇಷನ್, ಅಂದರೆ ಫ್ಲಕ್ಸ್ ತುಂಬಿಹೋಗುವ ಮಟ್ಟ, 1.56 ಟೆಸ್ಲಾ, ಅದೂ ನಮಗೆ ಸಾಕು. ತೊಂದರೆ ಕೆಲಸದಲ್ಲಿದೆ. ಗಟ್ಟಿ ಎಷ್ಟೆಂದರೆ ಪಂಚ್ ಡೈ ಬೇಗ ಸವೆಯುತ್ತದೆ. ಅನೀಲ್ ಮಾಡಿದ (ಕಾಯಿಸಿ ತಣಿಸಿದ) ಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. 100 ಮಿ.ಮೀ. ಎತ್ತರಕ್ಕೆ ಸಾವಿರಾರು ಪದರ ಜೋಡಿಸಬೇಕು, ಜೋಡಿಸಿದರೂ ಅದರಲ್ಲಿ ಹೆಚ್ಚೂಕಡಿಮೆ 15 ಪರ್ಸೆಂಟ್ ಜಾಗ ಗಾಳಿ, ಅಂಟಿನದ್ದೇ. 2.6 ಮಿ.ಮೀ. ಅಗಲದ ಹಲ್ಲನ್ನು ಅದರಲ್ಲಿ ಕತ್ತರಿಸಿ ತೆಗೆಯುವ ಅನುಕೂಲ ನಮ್ಮ ಹತ್ತಿರ ಇಲ್ಲ.

ಉಳಿದದ್ದು ಸಿಲಿಕಾನ್ ಉಕ್ಕೇ. ಪ್ರಶ್ನೆ 0.50, 0.35, 0.20ರಲ್ಲಿ ಯಾವುದು ಅಂತ.

ಒಂದು ಮಾತು ಹೇಳಿಬಿಡುತ್ತೇನೆ. ಉಕ್ಕಿನ ಕಾರ್ಖಾನೆಗಳು ಕಾಯಿಲ್ ಲೆಕ್ಕದಲ್ಲಿ ಮಾರುತ್ತವೆ. ನಮಗೆ ಬೇಕಾದದ್ದು ನಾಲ್ಕೈದು ಕೆಜಿ. ಅಷ್ಟಕ್ಕೆ ಮೋಟರ್ ಸ್ಟ್ಯಾಂಪಿಂಗ್ ಒತ್ತುವವರ ಹತ್ತಿರ ಉಳಿಕೆ ತಗಡು ಕೇಳುವುದೇ ದಾರಿ. 0.50 ಎಲ್ಲೆಂದರಲ್ಲಿ ಸಿಗುತ್ತದೆ. 0.35 ಕೇಳಿದರೆ ಸಿಗುತ್ತದೆ. 0.20 ಹುಡುಕಬೇಕು. ಎಲೆಕ್ಟ್ರಿಕ್ ಗಾಡಿಗಳಿಂದಾಗಿ ತೆಳು ತಗಡಿನ ಓಡಾಟ ಜಾಸ್ತಿಯಾಗಿರುವುದು ನಮ್ಮಂಥವರಿಗೆ ಒಳ್ಳೆಯದೇ ಆಗಿದೆ.

ರಿಂಗ್ ಮಾಡಿ ಅಳೆದದ್ದು

ಡೇಟಾಶೀಟ್ ನಂಬರ್ ಕತ್ತರಿಸದ ಒಳ್ಳೆ ತಗಡಿನದ್ದು. ನಮಗೆ ಬೇಕಾದದ್ದು ಕತ್ತರಿಸಿದ ಮೇಲಿನ ನಂಬರ್. ಅದಕ್ಕೆ ಮೂರೂ ತಗಡಿನಿಂದ ಒಂದೇ ಅಳತೆಯ ರಿಂಗ್ ಮಾಡಿಸಿದೆ: ಹೊರಗೆ 60, ಒಳಗೆ 50, ಎತ್ತರ 10 ಮಿ.ಮೀ. ಕೋರ್ ಕತ್ತರಿಸಿಕೊಡುವ ವೈರ್ ಕಟ್ (ತಂತಿಯ ಕಿಡಿಯಿಂದ ಕತ್ತರಿಸುವ) ಮೆಷಿನ್‌ನಲ್ಲೇ ರಿಂಗ್ ಕೂಡ ಕತ್ತರಿಸಬೇಕು ಅಂತ ಪಟ್ಟು ಹಿಡಿದೆ. ಅಂಚಿನ ಪರಿಣಾಮ ಅಳತೆಯೊಳಗೇ ಬರಬೇಕಲ್ಲ.

ಒಂದೊಂದು ರಿಂಗ್‌ಗೂ ಕಾಟನ್ ಟೇಪ್ ಸುತ್ತಿ, ಮೊದಲು 100 ಸುತ್ತು ತೆಳು ತಂತಿ ಸೆಕೆಂಡರಿ, ಅದರ ಮೇಲೆ 100 ಸುತ್ತು ಪ್ರೈಮರಿ. ಪ್ರೈಮರಿಗೆ ಆಂಪ್ಲಿಫೈಯರ್, ಸಾಲಿನಲ್ಲಿ 1 ಓಂ ರೆಸಿಸ್ಟರ್, ಡಿಸಿ ಹೋಗದ ಹಾಗೆ ಒಂದು ನಾನ್ ಪೋಲಾರ್ ಕೆಪಾಸಿಟರ್. ಆಸಿಲೋಸ್ಕೋಪಿನ ಒಂದು ಚಾನೆಲ್ ರೆಸಿಸ್ಟರ್ ಮೇಲೆ, ಇನ್ನೊಂದು ಸೆಕೆಂಡರಿ ಮೇಲೆ. ಫ್ಲಕ್ಸ್ ಎಷ್ಟು ಅನ್ನುವುದನ್ನು ಸೆಕೆಂಡರಿ ವೋಲ್ಟೇಜ್ ಹೇಳುತ್ತದೆ. 4.44 ಗುಣಿಸು ಫ್ರೀಕ್ವೆನ್ಸಿ, ಗುಣಿಸು ಸುತ್ತು, ಗುಣಿಸು ಅಡ್ಡಳತೆ, ಗುಣಿಸು ಟೆಸ್ಲಾ, ಅಷ್ಟೇ. ತಗಡಿನ ನಡುವಿನ ಜಾಗ ಕಳೆದು ಅಡ್ಡಳತೆ 47.5 ಚದರ ಮಿ.ಮೀ. ಹಿಡಿದರೆ 400 ಹರ್ಟ್ಸ್, 1 ಟೆಸ್ಲಾಕ್ಕೆ 8.4 ವೋಲ್ಟ್. ವಾಲ್ಯೂಮ್ ತಿರುಗಿಸಿ ಅಷ್ಟಕ್ಕೆ ನಿಲ್ಲಿಸುವುದು. ಎರಡೂ ಚಾನೆಲ್ ಗುಣಿಸಿ ಸರಾಸರಿ ತೆಗೆದರೆ ರಿಂಗ್‌ನ ಕಬ್ಬಿಣ ತಿನ್ನುವ ವ್ಯಾಟ್ ನೇರವಾಗಿ ಸಿಗುತ್ತದೆ. ಸೆಕೆಂಡರಿಯಿಂದ ವೋಲ್ಟೇಜ್ ತೆಗೆದುಕೊಳ್ಳುವುದರಿಂದ ಪ್ರೈಮರಿ ತಂತಿಯ ನಷ್ಟ ಲೆಕ್ಕಕ್ಕೆ ಸೇರುವುದಿಲ್ಲ. ರಿಂಗ್ ತೂಕ 63 ಗ್ರಾಂ. ಭಾಗಿಸಿದರೆ ಕೆಜಿ ಲೆಕ್ಕ. ಸ್ಕ್ರೀನ್ ಮೇಲೆ ಸೆಕೆಂಡರಿ ಅಲೆ ನುಣುಪಾದ ಸೈನ್ ಇರಬೇಕು. ಚಪ್ಪಟೆಯಾಗಿದ್ದರೆ ಅಳತೆ ನಂಬಬಾರದು.

0.50 ರಿಂಗ್ ಕೆಜಿಗೆ 36 ವ್ಯಾಟ್ ಹತ್ತಿರ ತೋರಿಸಿತು. 0.35 ರಿಂಗ್ 24. 0.20 ರಿಂಗ್ 21.

ಕೊನೆಯ ನಂಬರ್ ನೋಡಿ ಕುತೂಹಲ ಕೆರಳಿತು. ನಾನು ತರಿಸಿದ್ದು 1200 ದರ್ಜೆಯ 0.20 ತಗಡು. ಇಂಥ ತೆಳು ತಗಡಿನ ಹೆಸರಲ್ಲಿ 1200 ಅಂದರೆ 400 ಹರ್ಟ್ಸ್, 1 ಟೆಸ್ಲಾದಲ್ಲಿ ಹೆಚ್ಚೆಂದರೆ 12 ವ್ಯಾಟ್. ಹತ್ತಿರ ಹತ್ತಿರ ಎರಡು ಪಟ್ಟು ಬರುವುದಕ್ಕೆ ಏನು ಕಾರಣ? ಭೂತಗನ್ನಡಿ ಹಿಡಿದು ರಿಂಗ್‌ನ ಅಂಚು ನೋಡಿದೆ. ವೈರ್ ಕಟ್‌ನಲ್ಲಿ ಕಿಡಿ ಹಾರಿದಾಗ ಕಬ್ಬಿಣ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಆ ತೆಳು ಪೊರೆ ಒಂದು ತಗಡಿನಿಂದ ಇನ್ನೊಂದಕ್ಕೆ ಅಲ್ಲಲ್ಲಿ ಸೇತುವೆ ಹಾಕಿತ್ತು. ಅದೂ ಒಳ ಅಂಚು, ಹೊರ ಅಂಚು ಎರಡರಲ್ಲೂ. ಸುಟ್ಟ ಸ್ಟೇಟರ್‌ನಲ್ಲಿ ಕಂಡದ್ದೇ ಕಥೆ, ಸಣ್ಣ ಪ್ರಮಾಣದಲ್ಲಿ. ತಗಡು ತೆಳುವಾದಷ್ಟೂ ಒಂದು ಮಿ.ಮೀ.ಗೆ ಅಂಚುಗಳು ಜಾಸ್ತಿ, ಲೇಪವೂ ತೆಳು, ಹಾಗಾಗಿ ಸೇತುವೆಯೂ ಸುಲಭ.

ನೀರು ಬೆರೆಸಿದ ಫಾಸ್ಫರಿಕ್ ಆ್ಯಸಿಡ್‌ನಲ್ಲಿ ಅಂಚುಗಳನ್ನು ನಿಧಾನಕ್ಕೆ ತಿನ್ನಿಸಿದೆ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರಲ್ಲ. ಗ್ಲೌಸ್, ಕನ್ನಡಕ ಬೇಕೇ ಬೇಕು. ಆಮೇಲೆ ಚೆನ್ನಾಗಿ ತೊಳೆದು, ಒಲೆಯಲ್ಲಿ ಒಣಗಿಸಿ, ತಡಮಾಡದೆ ಎಣ್ಣೆ ಒರೆಸಿದೆ. ಇಲ್ಲದಿದ್ದರೆ ನೋಡುತ್ತಿದ್ದ ಹಾಗೇ ತುಕ್ಕು. ಕನ್ನಡಿಯಲ್ಲಿ ಈಗ ಒಂದೊಂದು ತಗಡಿನ ಗೆರೆ ಬೇರೆ ಬೇರೆ ಕಾಣತೊಡಗಿತು. ಮತ್ತೆ ತಂತಿ ಸುತ್ತಿ ಅಳೆದರೆ 0.20 ರಿಂಗ್ 13ಕ್ಕೆ ಇಳಿದಿತ್ತು, 0.35 ರಿಂಗ್ 19ಕ್ಕೆ.

ನನಗೆ ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಅಳತೆ ಇದೇ. ದುಬಾರಿ 0.20 ತಗಡನ್ನು ಕತ್ತರಿಸಿ ಹಾಗೇ ಹಾಕಿದರೆ, ಅಂಚು ಶುದ್ಧ ಮಾಡಿದ 0.35ಕ್ಕಿಂತ ಅದು ಕೆಳಗೆ ಬಿತ್ತು. ಸಾಮಗ್ರಿ ಆರಿಸುವಾಗ ಕತ್ತರಿಸುವ ಕ್ರಮವನ್ನೂ ಜೊತೆಗೇ ಆರಿಸಬೇಕು.

ಆಯ್ಕೆ 0.35

ನಮ್ಮ ಕೋರ್‌ನಲ್ಲಿ ಕಬ್ಬಿಣ ಸುಮಾರು 1.2 ಕೆಜಿ. ಹಾಗೇ ಕತ್ತರಿಸಿದ 0.50ರಿಂದ ಅಂಚು ಶುದ್ಧ ಮಾಡಿದ 0.35ಕ್ಕೆ ಬಂದರೆ ಸುಮಾರು 20 ವ್ಯಾಟ್ ಉಳಿತಾಯ. 0.35ರಿಂದ 0.20ಕ್ಕೆ ಹೋದರೆ ಇನ್ನು 7 ವ್ಯಾಟ್. ನಿಜವಾದ ಸ್ಟೇಟರ್‌ನಲ್ಲಿ ರಿಂಗ್‌ಗಿಂತ ನಷ್ಟ ಜಾಸ್ತಿಯೇ ಇರುತ್ತದೆ. ಹಲ್ಲುಗಳು ರಿಂಗ್‌ನ ಪಟ್ಟಿಗಿಂತ ಸಪೂರ, ಅಂಚಿನ ಪಾಲು ಹೆಚ್ಚು. ಡ್ರೈವ್‌ನಿಂದ (ಫ್ರೀಕ್ವೆನ್ಸಿ ಬದಲಿಸಿ ಮೋಟರ್ ಓಡಿಸುವ ಪೆಟ್ಟಿಗೆ) ಬರುವ ವೋಲ್ಟೇಜ್ ಶುದ್ಧ ಸೈನ್ ಅಲ್ಲ, ಅದರ ಸ್ವಿಚಿಂಗ್ ಏರಿಳಿತವೂ ಕಬ್ಬಿಣವನ್ನು ಬಿಸಿ ಮಾಡುತ್ತದೆ. ಎರಡು ಪಟ್ಟು ಅಂತಲೇ ಹಿಡಿಯೋಣ. 40 ವ್ಯಾಟ್ ಬಿಡುವ ಹಾಗಿಲ್ಲ. 14 ವ್ಯಾಟನ್ನು ಸುತ್ತ ಹರಿಯುವ ನೀರು ಆರಾಮಾಗಿ ಒಯ್ಯುತ್ತದೆ.

ಆ 14 ವ್ಯಾಟ್‌ಗೆ ಪ್ರತಿಯಾಗಿ 0.20ರಲ್ಲಿ ಸುಮಾರು 470 ತಗಡು ಜೋಡಿಸಬೇಕು, 0.35ರಲ್ಲಿ 270 ಸಾಕು. ನಾಳೆ ಇದೇ ಸ್ಪಿಂಡಲ್ ಮತ್ತೆ ಬಂದರೆ, ಅಥವಾ ಇನ್ನೊಬ್ಬರ ಸ್ಪಿಂಡಲ್ ಬಂದರೆ, 0.35 ತಗಡು ಮತ್ತೆ ಸಿಗುತ್ತದೆ ಅನ್ನುವ ಧೈರ್ಯ ಇದೆ. ರಿಪೇರಿ ಮಾಡುವವನಿಗೆ ಇದು ಸಣ್ಣ ವಿಷಯವಲ್ಲ.

ಇದೇ ಮೋಟರ್ ನಾಲ್ಕು ಪೋಲಿನದ್ದಾಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಅದೇ 24,000 ಸುತ್ತಿಗೆ 800 ಹರ್ಟ್ಸ್ ಬೇಕಾಗುತ್ತದೆ. ಆಗ 1 ಟೆಸ್ಲಾದಲ್ಲಿ ಎಡ್ಡಿ ನಷ್ಟವೇ 0.35ರಲ್ಲಿ ಕೆಜಿಗೆ 35 ವ್ಯಾಟ್, 0.20ರಲ್ಲಿ 11.5. ಅಲ್ಲಿ 0.20 ಬಿಟ್ಟು ಬೇರೆ ಮಾತಿಲ್ಲ. ಸಾವಿರ ಹರ್ಟ್ಸ್ ದಾಟಿದರೆ 0.10 ತಗಡು, ಅಥವಾ 6.5 ಪರ್ಸೆಂಟ್ ಸಿಲಿಕಾನ್‌ನ ವಿಶೇಷ ಉಕ್ಕು ನೋಡಬೇಕು. ಅದರ ರೆಸಿಸ್ಟಿವಿಟಿ 82. ಸ್ಯಾಚುರೇಷನ್ ಮಾತ್ರ 1.8 ಟೆಸ್ಲಾಕ್ಕೆ ಇಳಿಯುತ್ತದೆ. ಸ್ಪಿಂಡಲ್ ಕೊಳ್ಳುವವರು ಆರ್‌ಪಿಎಂ ಮಾತ್ರ ಕೇಳುತ್ತಾರೆ, ಪೋಲ್ ಎಷ್ಟು ಅಂತಲೂ ಕೇಳಬೇಕು.

ಕತ್ತರಿಸಿ, ಅಂಟಿಸಿ, ಕೂರಿಸಿದ್ದು

ಹೊಸ ಕೋರ್‌ನ ಅಳತೆ: ಹೊರಗೆ 65 ಮಿ.ಮೀ., 18 ಸ್ಲಾಟ್, ಬೋರ್ 32ಕ್ಕಿಂತ ಕೂದಲೆಳೆ ಜಾಸ್ತಿ. ಉಜ್ಜಿದ ರೋಟರ್ ಮೈಯನ್ನು ಗ್ರೈಂಡಿಂಗ್‌ನಲ್ಲಿ ಲಘುವಾಗಿ ಸಮ ಮಾಡಿ, ಅದಕ್ಕೂ ಆ್ಯಸಿಡ್ ಒರೆಸಿ, ಬಂದ ಅಳತೆಗೆ ತಕ್ಕ ಹಾಗೆ ಬೋರ್ ಇಟ್ಟೆ. ರೋಟರ್ ತಗಡು ಬದಲಿಸುವ ಅಗತ್ಯ ಬರಲಿಲ್ಲ. ಇಂಡಕ್ಷನ್ ಮೋಟರ್‌ನ ರೋಟರ್ ಒಳಗೆ ಮುಖ್ಯ ಫ್ಲಕ್ಸ್ ಸ್ಲಿಪ್‌ನಷ್ಟೇ (ತಿರುಗುವ ಫ್ಲಕ್ಸ್‌ಗಿಂತ ರೋಟರ್ ಹಿಂದೆ ಬೀಳುವಷ್ಟೇ) ನಿಧಾನಕ್ಕೆ ಬದಲಾಗುತ್ತದೆ. 31 ಮಿ.ಮೀ. ರೋಟರ್‌ನ ಹೊರ ಮೈ ಸೆಕೆಂಡಿಗೆ 40 ಮೀಟರ್‌ಗಿಂತ ಕಡಿಮೆ ವೇಗದಲ್ಲಿ ಓಡುತ್ತದೆ, ಆ ಎಳೆತಕ್ಕೆ ಮಾಮೂಲಿ ತಗಡು ಗಟ್ಟಿ.

ತಗಡುಗಳನ್ನು ಒಂದೇ ದಿಕ್ಕಿಗೆ ಇಟ್ಟು ಬ್ಲಾಕ್ ಮಾಡಿ ಕತ್ತರಿಸಿದ್ದರಿಂದ, ಬಿಡಿಸಿ ಮತ್ತೆ ಜೋಡಿಸುವಾಗ ಕಂತು ಕಂತಾಗಿ ಒಂದೊಂದು ಸ್ಲಾಟ್, ಅಂದರೆ 20 ಡಿಗ್ರಿ, ತಿರುಗಿಸುತ್ತಾ ಹೋದೆ. ಎಲ್ಲಾ ದಿಕ್ಕಿಗೂ ಒಂದೇ ಗುಣ ಅಂತ ಹೆಸರಿದ್ದರೂ ಉರುಳಿದ ದಿಕ್ಕಿಗೆ ಸ್ವಲ್ಪ ಒಲವು ಇದ್ದೇ ಇರುತ್ತದೆ. ತಿರುಗಿಸಿದರೆ ಅದು ಸುತ್ತಲೂ ಹಂಚಿಹೋಗುತ್ತದೆ.

ಹೊರಗಡೆ ವೆಲ್ಡಿಂಗ್ ಗೆರೆ ಹಾಕಿ ಹಿಡಿಸುವುದು ರೂಢಿ. ಇಷ್ಟೆಲ್ಲಾ ಸೇತುವೆ ತೆಗೆದ ಮೇಲೆ ನಾನೇ ಒಂದು ಸೇತುವೆ ಹಾಕುವುದು ಬೇಡವಾಯಿತು. ನೀರಿನಂತೆ ಹರಿಯುವ, ಬಿಸಿಗೆ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ, ಮ್ಯಾಂಡ್ರೆಲ್ (ಬೋರ್ ಅಳತೆಯ ಸರಳು) ಮೇಲೆ ಕೂರಿಸಿ, ಬೋಲ್ಟ್ ಬಿಗಿದು ಒಲೆಯಲ್ಲಿ ಬೇಯಿಸಿದೆ. ಬಾಡಿಯೊಳಗೆ ಕೂರಿಸುವಾಗಲೂ ಇದೇ ಎಚ್ಚರ. ಅತಿ ಬಿಗಿಯಾಗಿ ಒತ್ತಿದರೆ ಆ ಒತ್ತಡಕ್ಕೇ ಉಕ್ಕಿನ ನಷ್ಟ ಏರುತ್ತದೆ. ಅಲ್ಯೂಮಿನಿಯಂ ಬಾಡಿಯನ್ನು ಬಿಸಿ ಮಾಡಿ, ಕೋರ್ ಕೈಯಲ್ಲೇ ಇಳಿದು, ತಣ್ಣಗಾದ ಮೇಲೆ ತಿರುಗದ ಹಾಗೆ ಹಿಡಿದುಕೊಳ್ಳುವಷ್ಟು ಮಾತ್ರ ಅಳತೆ ಇಟ್ಟೆ. ಕೂರಿಸುವ ಮುಂಚೆ ಹಳೆಯದಕ್ಕೆ ಮಾಡಿದ ಲೂಪ್ ಟೆಸ್ಟ್ ಹೊಸದಕ್ಕೂ ಮಾಡಿದೆ. ಸುತ್ತ ಎಲ್ಲಿ ಗನ್ ಹಿಡಿದರೂ ಎರಡು ಮೂರು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಲಿಲ್ಲ. ವೈಂಡಿಂಗ್ ಹಳೆಯ ಲೆಕ್ಕದ್ದೇ, ಇನ್ಸುಲೇಷನ್ ಎಫ್ ಕ್ಲಾಸ್, 155 ಡಿಗ್ರಿ.

ಓಡಿಸಿದ ಮೇಲೆ

ಮೊದಲು ಡ್ರೈವ್ ಸೆಟಿಂಗ್ ನೋಡಿದೆ. ಬೇಸ್ ಫ್ರೀಕ್ವೆನ್ಸಿ 400, ಅಲ್ಲಿ 220 ವೋಲ್ಟ್. ಡ್ರೈವ್ ಬದಲಾಯಿಸಿದಾಗ ಬೇಸ್ 50ರಲ್ಲೇ ಉಳಿದರೆ 50 ಹರ್ಟ್ಸ್‌ಗೇ ಪೂರ್ತಿ ವೋಲ್ಟೇಜ್ ಹೋಗುತ್ತದೆ. ಎಂಟು ಪಟ್ಟು ಫ್ಲಕ್ಸ್ ಕೇಳಿದರೆ ಯಾವ ಉಕ್ಕೂ ಕೊಡಲ್ಲ. ಕೋರ್ ತುಂಬಿ, ಕರೆಂಟ್ ಹಾರಿ, ವೈಂಡಿಂಗ್ ಹೋಗುತ್ತದೆ. ಯಾವ ತಗಡು ಹಾಕಿದರೂ ಈ ಸೆಟಿಂಗ್ ತಪ್ಪಿದರೆ ಉಳಿಗಾಲವಿಲ್ಲ.

ಬಳ್ಳಾರಿ ಬೇಸಿಗೆಯಲ್ಲಿ ಶೆಡ್ಡಿನ ನೀರಿನ ಬಕೆಟ್ಟೇ 38 ಡಿಗ್ರಿ ಇರುತ್ತದೆ. ಅದಕ್ಕೇ ಟೆಸ್ಟ್ ಅನ್ನು ಮಧ್ಯಾಹ್ನದ ಹೊತ್ತಿಗೇ ಇಟ್ಟುಕೊಂಡೆ. ಸ್ಪಿಂಡಲ್ ತಂದವರ ಶೆಡ್ಡಿನಲ್ಲೇ ತೇಗದ ಬಾಗಿಲು ಹಾಕಿ ಪೂರ್ತಿ ಲೋಡಿನಲ್ಲಿ ಕೆತ್ತಿಸಿ, ಬಾಡಿಯ ಬಿಸಿ ಏರುವುದು ನಿಂತ ಮೇಲೆ ನಿಲ್ಲಿಸಿ, ಕೂಡಲೇ ವೈಂಡಿಂಗ್ ರೆಸಿಸ್ಟೆನ್ಸ್ ಅಳೆದೆ. ಬೆಳಿಗ್ಗೆ 34 ಡಿಗ್ರಿಯಲ್ಲಿ 1.40 ಓಂ ಇದ್ದದ್ದು 1.72 ಆಗಿತ್ತು. ತಾಮ್ರದ ಲೆಕ್ಕಕ್ಕೆ 234.5 ಸೇರಿಸಿ ನೋಡಿದರೆ ವೈಂಡಿಂಗ್ 95 ಡಿಗ್ರಿ. 155ರ ಇನ್ಸುಲೇಷನ್‌ಗೆ ಇದು ನೆಮ್ಮದಿಯ ಜಾಗ. ಪ್ರತಿ 10 ಡಿಗ್ರಿ ಜಾಸ್ತಿಗೆ ಇನ್ಸುಲೇಷನ್ ಆಯಸ್ಸು ಅರ್ಧವಾಗುತ್ತದೆ ಅನ್ನುವ ಹಳೆಯ ಲೆಕ್ಕ ಹಿಡಿದರೆ ಈ ಅಂತರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಸ್ಪಿಂಡಲ್ ಈಗ ಕೆಲಸದಲ್ಲಿದೆ. ಅವರಿಗೆ ಹೇಳಿದ್ದು ಒಂದೇ: ಬೇರಿಂಗ್ ಸದ್ದು ಬದಲಾದ ದಿನವೇ ನಿಲ್ಲಿಸಿ ತನ್ನಿ, ರೋಟರ್ ಇನ್ನೊಂದು ಸಲ ಬೋರ್‌ಗೆ ಉಜ್ಜಬಾರದು. "ಆತು ಅಣ್ಣ, ಸೌಂಡ್ ಬಂದ ಕೂಡ್ಲೆ ತರ್ತೀನಿ" ಅಂದರು. 0.20 ತಗಡು ಸ್ವಲ್ಪ ಉಳಿದಿದೆ, ಅದನ್ನು 800 ಹರ್ಟ್ಸ್‌ನ ನಾಲ್ಕು ಪೋಲ್ ಸ್ಪಿಂಡಲ್ ಯಾವುದಾದರೂ ಬಂದರೆ ಅಂತ ಎಣ್ಣೆ ಹಚ್ಚಿ ಸುತ್ತಿ ಎತ್ತಿಟ್ಟಿದ್ದೇನೆ.